ಸಸ್ಯವಿಜ್ಞಾನದ ತಪಸ್ವಿನಿ ಬಾರ್ಬರಾ ಮೆಕ್ಲಿಂಟಾಕ್

ಸತ್ಯವನ್ನು ಕಾಣುವುದು ಒಂದು ಸಾಧನೆ. ಕಂಡ ಸತ್ಯವನ್ನು ಲೋಕವು ಒಪ್ಪುವವರೆಗೆ ಧೃತಿಗೆಡದೆ ಕಾಯುವುದು ಅದಕ್ಕಿಂತ ಮಿಗಿಲಾದ ಸಾಧನೆ. ಇವೆರಡನ್ನೂ ಸಾಧಿಸಿದ ಮಹನೀಯರಲ್ಲಿ ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್ ಅವರು ಪ್ರಾತಃಸ್ಮರಣೀಯರು.

ಇವರು 1902ನೆಯ ಇಸವಿ ಜೂನ್ 16ರಂದು ಹಾರ್ಟ್‌ಫರ್ಡ್ ನಗರದಲ್ಲಿ ಜನ್ಮ ತಾಳಿದರು. ತಂದೆ ವೈದ್ಯರು. ಹೆಚ್ಚು ಓದಿದ ಹೆಣ್ಣಿಗೆ ವರನು ದೊರೆಯಲಾರನೆಂಬ ಭೀತಿಯಿಂದ ತಾಯಿ ಕಾಲೇಜು ವ್ಯಾಸಂಗಕ್ಕೆ ಸಮ್ಮತಿಸಲಿಲ್ಲ. ಆದರೆ ತಂದೆಯ ಬೆಂಬಲ ದೊರೆತು, 1919ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯವನ್ನು ಸೇರಿ 1927ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಗೋವಿನಜೋಳದ ಹತ್ತು ಜೊತೆ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಗುರುತಿಸಿದ ಕೀರ್ತಿ ಇವರದು. ವರ್ಣತಂತುಗಳು ತಮ್ಮ ತುಣುಕುಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವುದನ್ನು 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಅವರೊಡಗೂಡಿ ಪ್ರತ್ಯಕ್ಷವಾಗಿ ತೋರಿಸಿಕೊಟ್ಟರು.

1941ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಸಂಶೋಧನಾಲಯಕ್ಕೆ ಬಂದ ಬಳಿಕ, ಚುಕ್ಕೆಚುಕ್ಕೆಯಾದ ಜೋಳದ ಕಾಳುಗಳು ಅವರ ಮನಸ್ಸನ್ನು ಸೆರೆಹಿಡಿದವು. ಪದದ ನಡುವೆ ಅನ್ಯ ಅಕ್ಷರವೊಂದು ನುಸುಳಿದರೆ ಅರ್ಥ ಕೆಡುತ್ತದೆ. ಅದು ಹೊರಟುಹೋದರೆ ಅರ್ಥ ಮರಳುತ್ತದೆ. ಅಂತೆಯೇ ಬಣ್ಣದ ವಂಶವಾಹಿಯೊಳಗೆ ಸಂಚಾರಿ ತುಣುಕೊಂದು ಹೊಕ್ಕರೆ ಕಾಳು ಬಿಳಿಚುವುದು. ಕಾಳು ಬೆಳೆಯುತ್ತಿರುವಾಗ ಆ ತುಣುಕು ಹೊರಬಿದ್ದ ಕಣಗಳ ಸಂತತಿಯಲ್ಲಿ ಬಣ್ಣದ ಚುಕ್ಕೆ ಮೂಡುವುದು. ವರ್ಣತಂತುವನ್ನು ಮುರಿಯುವ ತುಣುಕಿಗೆ ಡಿಸೋಸಿಯೇಷನ್ ಎಂದೂ, ಅದನ್ನು ಪ್ರಚೋದಿಸುವುದಕ್ಕೆ ಆಕ್ಟಿವೇಟರ್ ಎಂದೂ ಹೆಸರಿಟ್ಟರು.

ವಂಶವಾಹಿಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಸ್ಥಿರವೆಂದು ಪಂಡಿತರು ನಂಬಿದ್ದ ಕಾಲವದು. 1951ರ ವಿದ್ವತ್ಸಭೆಯಲ್ಲಿ ಅವರ ಮಾತಿಗೆ ಸ್ಪಂದನ ದೊರೆಯಲಿಲ್ಲ. 1953ರ ಬಳಿಕ ಈ ವಿಷಯವಾಗಿ ಪ್ರಕಟಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿದರೂ ಹೊಲದ ಕಾರ್ಯವನ್ನು ಬಿಡಲಿಲ್ಲ. ಮುಂದೆ ಬ್ಯಾಕ್ಟೀರಿಯಾಗಳಲ್ಲಿಯೂ ಅಂಥ ತುಣುಕುಗಳು ಕಂಡುಬಂದಾಗ ಲೋಕವು ಕಣ್ತೆರೆಯಿತು. 1983ರಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ನೊಬೆಲ್ ಪಾರಿತೋಷಕವನ್ನು ಅವರೊಬ್ಬರೇ ಪಡೆದರು. ಅವಿವಾಹಿತೆಯಾಗಿಯೇ ಬಾಳಿ 1992ರ ಸೆಪ್ಟೆಂಬರ್ 2ರಂದು ಕೀರ್ತಿಶೇಷರಾದರು.

ಅವರು ಬಿತ್ತಿದ ಬೀಜ ಇಂದು ಹೆಮ್ಮರವಾಗಿದೆ. ಗೋವಿನಜೋಳದ ವಂಶದ್ರವ್ಯದ ಸುಮಾರು 85 ಪ್ರತಿಶತ ಭಾಗವು ಇಂಥ ಸಂಚಾರಿ ತುಣುಕುಗಳಿಂದಲೇ ಆದುದೆಂದು 2009ರಲ್ಲಿ ತಿಳಿದುಬಂದಿತು. ನೆರೆಹೊರೆಯ ಎರಡು ತುಣುಕುಗಳ ಪೈಕಿ ಒಂದರ ಆದಿ, ಇನ್ನೊಂದರ ಅಂತ್ಯ ಜೊತೆಗೂಡಿ ಜಿಗಿದರೆ ವರ್ಣತಂತುವಿನ ಭಾಗವೇ ಲೋಪವಾಗಬಹುದು, ತಿರುವುಮುರುವಾಗಬಹುದು, ಇಮ್ಮಡಿಸಬಹುದು ಅಥವಾ ಬೇರೊಂದು ತಂತುವಿಗೆ ಸೇರಬಹುದು. ಬೆಳೆಗಳ ವರ್ಣತಂತುಗಳನ್ನು ಮರುಜೋಡಿಸಲು ವಿಜ್ಞಾನಿಗಳು ಈ ಗುಣವನ್ನೇ ಬಳಸಿಕೊಳ್ಳುತ್ತಿದ್ದಾರೆ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿಯೂ ಧಾರವಾಡ ಅರ್ಲಿ ರನ್ನರ್ ಎಂಬ ಶೇಂಗಾ ಸಸ್ಯದ ಹಾಗೂ ಅದರ ಸಂತತಿಯ ವಿಚಿತ್ರ ಮಾರ್ಪಾಡುಗಳನ್ನು ಅಭ್ಯಸಿಸಿ, ಅವುಗಳಲ್ಲಿ ಸಂಚಾರಿ ತುಣುಕೊಂದರ ಚಲನೆಯನ್ನು ಗುರುತಿಸಿದ್ದಾರೆ.

ಕೊರ್ಲಹಳ್ಳಿಯ ವಿದ್ಯಾರ್ಥಿಗಳೇ, ಶೇಂಗಾ, ಗೋವಿನಜೋಳಗಳು ನಮ್ಮ ಭಾಗದ ಹೊಲಗಳಲ್ಲಿ ನಿತ್ಯ ಕಾಣುವ ಬೆಳೆಗಳು. ಒಂದು ಕಾಳಿನ ಚುಕ್ಕೆಯನ್ನು ಅಲಕ್ಷಿಸದವರು ಜಗತ್ತಿನ ತಿಳಿವನ್ನೇ ತಿದ್ದಿದರು. ಅಂಥ ದೃಷ್ಟಿಯೂ ಅಂಥ ಸಹನೆಯೂ ನಿಮ್ಮದಾಗಲಿ.