ನಾನು ಮೆಚ್ಚಿದ ಮೌಲಾನಾ ಆಜಾದ್

ಚಿಕ್ಕಂದಿನಿಂದ ನಾನು ಮೆಚ್ಚಿದ ನಾಯಕರು ಮೌಲಾನಾ ಅಬುಲ್ ಕಲಾಂ ಆಜಾದ್. ಅವರ ಕಥೆಯನ್ನು ನಮ್ಮ ದಾದಾ ಹೇಳುತ್ತಿದ್ದರು.

1888ರ ನವೆಂಬರ್ 11ರಂದು ಮೆಕ್ಕಾದಲ್ಲಿ ಹುಟ್ಟಿದ ಮೌಲಾನಾ ಶಾಲೆಗೆ ಹೋದವರಲ್ಲ. ತಂದೆಯವರಿಂದಲೂ ಉಸ್ತಾದರಿಂದಲೂ ಮನೆಯಲ್ಲೇ ಕಲಿತರು. 1912ರಲ್ಲಿ ಕಲ್ಕತ್ತೆಯಲ್ಲಿ ‘ಅಲ್ ಹಿಲಾಲ್’ ಉರ್ದು ಪತ್ರಿಕೆ ಆರಂಭಿಸಿ ಬ್ರಿಟಿಷರ ವಿರುದ್ಧ ಬರೆದರು. 1943ರಲ್ಲಿ ಪತ್ನಿ ಜುಲೇಖಾ ಬೇಗಂ ತೀರಿಕೊಂಡಾಗ ಅವರು ಅಹ್ಮದ್‌ನಗರ ಕೋಟೆಯ ಸೆರೆಯಲ್ಲಿದ್ದರು. ಕೊನೆಯ ಸಲ ಮುಖ ನೋಡಲೂ ಆಗಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ, ಶಾಲೆ ಕಾಣದ ಅವರೇ ದೇಶದ ಮೊದಲ ಶಿಕ್ಷಣ ಮಂತ್ರಿಯಾದರು. 1958ರಲ್ಲಿ ತೀರಿಕೊಳ್ಳುವವರೆಗೂ ಆ ಹೊಣೆ ಹೊತ್ತರು. ಅವರ ಹುಟ್ಟಿದ ದಿನವೇ ರಾಷ್ಟ್ರೀಯ ಶಿಕ್ಷಣ ದಿನ.

ಕಳೆದ ವರ್ಷ ನಾನು ಓದು ಬಿಟ್ಟು ಅಂಗಡಿಯಲ್ಲಿ ಕೂರಲು ನಿರ್ಧರಿಸಿದ್ದೆ. ದಾದಾ ಬೈಯಲಿಲ್ಲ, ಇದೇ ಕಥೆಯನ್ನು ಮತ್ತೆ ಹೇಳಿದರು. ಮರುದಿನ ಕಾಲೇಜಿಗೆ ಬಂದೆ.