ಕುದ್ಮುಲ್ ರಂಗರಾಯರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಕಾಡುಗೊಲ್ಲರ ಹಟ್ಟಿಗಳೂ ನಾಯಕ ಜನರ ಊರುಗಳೂ ಅನೇಕವಾಗಿವೆ. ಆ ಮನೆಗಳ ಬಾಗಿಲಿಗೆ ಸರ್ಕಾರದ ಪರವಾಗಿ ಹೋಗುವವರು ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಉಪಾಧ್ಯಾಯರು ಹಾಗೂ ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರು. ಇವರ ಕೆಲಸವನ್ನು ನಮ್ಮ ಪಟ್ಟಣಗಳ ವಿದ್ಯಾವಂತರು ಒಂದು ಸಣ್ಣ ನೌಕರಿಯೆಂದು ಎಣಿಸುತ್ತಾರೆಯೇ ವಿನಾ, ಕಲಿತು ಮಾಡಬೇಕಾದ ವೃತ್ತಿಯೆಂದು ತಿಳಿದವರು ವಿರಳ. ಇದಕ್ಕೆ ವೃತ್ತಿಯೆಂಬ ಹೆಸರಾಗಲಿ ಸಂಬಳವಾಗಲಿ ಇಲ್ಲದಿದ್ದ ಕಾಲದಲ್ಲಿ, ಇದರ ಕ್ರಮವನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟವರು ಮಂಗಳೂರಿನ ಕುದ್ಮುಲ್ ರಂಗರಾಯರು. ಅವರು ಕಾಲವಾಗಿ ಶತಮಾನ ತುಂಬುತ್ತ ಬಂದಿದೆ. ಅವರ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ರಂಗರಾಯರು 1859ನೆಯ ಇಸವಿ ಜೂನ್ 29ರಂದು, ಆಗ ಮದ್ರಾಸ್ ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ ಬಡ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಜೀವನೋಪಾಯವನ್ನರಸಿ ಮಂಗಳೂರಿಗೆ ಬಂದರು. ಅಲ್ಪ ಸಂಬಳದ ಉಪಾಧ್ಯಾಯರಾಗಿದ್ದುಕೊಂಡೇ ಸ್ವಂತ ಪರಿಶ್ರಮದಿಂದ ಓದಿ, ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೂ ಬಳಿಕ ಪ್ಲೀಡರ್ ಪರೀಕ್ಷೆಯನ್ನೂ ಮುಗಿಸಿ ವಕೀಲರಾದರು. ಬಡವರ ವಕೀಲರೆಂಬ ಹೆಸರು ಅವರಿಗೆ ಬೇಗನೆ ಬಂದಿತು. ಹಣ ಗಳಿಸುವ ದಾರಿ ತೆರೆದಿದ್ದ ಕಾಲದಲ್ಲಿ ಅವರು ಬೇರೆ ದಾರಿಯನ್ನು ಹಿಡಿದರು.

ಉಳ್ಳಾಲ ರಘುನಾಥಯ್ಯನವರು 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜವನ್ನು ಸ್ಥಾಪಿಸಿದ್ದರು. ರಂಗರಾಯರ ಮನಸ್ಸು ಅತ್ತ ಒಲಿಯಿತು. ಎಲ್ಲ ಮನುಷ್ಯರೂ ಒಬ್ಬನೇ ದೇವರ ಮಕ್ಕಳೆಂಬ ಮಾತನ್ನು ಸಭೆಯಲ್ಲಿ ಆಡಿ ಮನೆಗೆ ಬಂದು ಮರೆಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ರಂಗರಾಯರು ಆ ಮಾತನ್ನು ಕೇರಿಗೆ ಒಯ್ದರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಊರಿನ ಶಾಲೆಯ ಒಳಗೆ ಬರುವ ಮಾರ್ಗವಿರಲಿಲ್ಲ. ಆದುದರಿಂದ 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅವರಿಗಾಗಿ ಶಾಲೆಯನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮಹಾತ್ಮರು ಹಿಂದೂದೇಶದ ರಾಜಕಾರಣಕ್ಕೆ ಕಾಲಿಡುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತಿದು.

ಸ್ವಜಾತಿಯವರು ಅವರನ್ನು ಬಹಿಷ್ಕರಿಸಿದರು. ಒಬ್ಬ ಗೃಹಸ್ಥನಿಗೆ ಆ ಕಾಲದಲ್ಲಿ ಬಹಿಷ್ಕಾರವೆಂದರೆ ಏನೆಂಬುದನ್ನು ಇಂದಿನ ತರುಣರು ಊಹಿಸಲಾರರು. ಮದುವೆ ಮುಂಜಿಗೆ ಕರೆಯಿಲ್ಲ, ಮನೆಯಲ್ಲಿ ಹೆರಿಗೆಯಾದರೂ ಸಾವಾದರೂ ಬರುವವರಿಲ್ಲ. ಆ ಕಷ್ಟವನ್ನು ರಾಯರೊಬ್ಬರೇ ಅಲ್ಲ, ಅವರ ಮನೆಯ ಹೆಂಗಸರೂ ಮಕ್ಕಳೂ ಅನುಭವಿಸಿದರು. ಅವರು ಹಿಂದೆಗೆಯಲಿಲ್ಲ.

ಅವರ ಕಾರ್ಯದ ಕ್ರಮವೇ ಇಲ್ಲಿ ಮುಖ್ಯವಾದುದು. ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರಲಿಲ್ಲ. ಇಂತಹ ಸಂದರ್ಭದಲ್ಲಿ, ಈ ಜನರಿಗೆ ವಿದ್ಯೆಯ ಬೆಲೆ ತಿಳಿಯದೆಂದು ವರದಿ ಬರೆದು ಕೈತೊಳೆದುಕೊಳ್ಳುವುದು ಅಧಿಕಾರಿಗಳ ಹಳೆಯ ಪದ್ಧತಿ. ರಾಯರು ಮಗು ಏಕೆ ಬರಲಿಲ್ಲವೆಂದು ಮನೆಯಲ್ಲಿ ವಿಚಾರಿಸಿದರು. ಮಗು ದುಡಿದರೆ ಮನೆಗೆ ಎರಡು ಕಾಸು ಬರುತ್ತಿತ್ತು, ಶಾಲೆಗೆ ಹೋದರೆ ಅದು ತಪ್ಪುತ್ತಿತ್ತು. ಹಸಿದ ಹೊಟ್ಟೆಗೆ ಅಕ್ಷರ ಹಿಡಿಸುತ್ತಿರಲಿಲ್ಲ. ಆದಕಾರಣ ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆಯನ್ನೂ ಮಧ್ಯಾಹ್ನದ ಊಟವನ್ನೂ ಕೊಡುವ ಏರ್ಪಾಡು ಮಾಡಿದರು. ನಮ್ಮ ರಾಜ್ಯದ ಶಾಲೆಗಳಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಿಂದ ಬಿಸಿಯೂಟ ಬಂದುದು ಅದಾಗಿ ಒಂದು ಶತಮಾನದ ಮೇಲೆ. ಮನೆಯವರನ್ನು ಬೈಯದೆ ಮನೆಯ ಲೆಕ್ಕವನ್ನು ತಿಳಿದುಕೊಂಡದ್ದು ಅವರ ಮೊದಲನೆಯ ಪಾಠ.

ಎರಡನೆಯದಾಗಿ, ಓದಿದ ಹುಡುಗನಿಗೆ ಕಸುಬಿಲ್ಲದಿದ್ದರೆ ಓದು ಅವನನ್ನು ಎತ್ತ ಕಡೆಗೂ ಸಲ್ಲದವನನ್ನಾಗಿ ಮಾಡುವುದೆಂದು ಕಂಡು, ನೇಯ್ಗೆ, ಮರಗೆಲಸ ಮುಂತಾದ ಕೈಕಸುಬುಗಳನ್ನು ಕಲಿಸುವ ಶಾಲೆಯನ್ನು ನಡೆಸಿದರು. ಮೂರನೆಯದಾಗಿ, ಒಡೆಯನ ಭೂಮಿಯಲ್ಲಿ ಗುಡಿಸಲು ಹಾಕಿಕೊಂಡವನು ಒಡೆಯನ ಮಾತನ್ನು ಮೀರಿ ಮಗುವನ್ನು ಓದಿಸಲಾರನೆಂದು ಅರಿತು, ಸರ್ಕಾರದಿಂದ ಭೂಮಿಯನ್ನು ಪಡೆದು ಆ ಕುಟುಂಬಗಳಿಗೆ ಸ್ವಂತ ನೆಲೆಗಳನ್ನು ಕಟ್ಟಿಸಿದರು. ಶಾಲೆ, ಊಟ, ಕಸುಬು, ನೆಲ ಈ ನಾಲ್ಕೂ ಬೇರೆ ಬೇರೆ ಇಲಾಖೆಗಳ ಕೆಲಸವೆಂದು ಅವರಿಗೆ ತೋರಲೇ ಇಲ್ಲ. ಒಂದು ಸಂಸಾರ ನಿಲ್ಲಬೇಕಾದರೆ ನಾಲ್ಕೂ ಒಟ್ಟಿಗೆ ಬೇಕೆಂಬುದೇ ಅವರ ಸಿದ್ಧಾಂತವಾಗಿತ್ತು.

ಇತರರಿಗೆ ಹೇಳಿದ ಸುಧಾರಣೆಯನ್ನು ಅವರು ತಮ್ಮ ಮನೆಯಿಂದ ಹೊರಗಿಡಲಿಲ್ಲ. ಎಳೆಯ ವಯಸ್ಸಿನಲ್ಲಿ ವಿಧವೆಯಾದ ಮಗಳು ರಾಧಾಬಾಯಿಯನ್ನು ಉಚ್ಚ ವ್ಯಾಸಂಗಕ್ಕೆ ಕಳುಹಿಸಿದರು. ಆಕೆಗೆ ಜಾತಿಯ ಗಡಿಯನ್ನು ದಾಟಿ ತಮಿಳುನಾಡಿನ ಪಿ. ಸುಬ್ಬರಾಯನ್ ಅವರೊಡನೆ ಪುನರ್ವಿವಾಹವಾಯಿತು. ಸುಬ್ಬರಾಯನ್ ಅವರು 1926ರಲ್ಲಿ ಮದ್ರಾಸ್ ಆಧಿಪತ್ಯದ ಮುಖ್ಯಮಂತ್ರಿಗಳಾದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಸ್ತ್ರೀಯರ ಪರವಾಗಿ ಕುಳಿತರು.

ಕಡೆಗಾಲದಲ್ಲಿ ರಾಯರು ಸಂನ್ಯಾಸವನ್ನು ಸ್ವೀಕರಿಸಿದರು. 1928ರ ಜನವರಿ 30ರಂದು ದೇಹವನ್ನು ಬಿಟ್ಟರು. ತಮ್ಮ ಕಳೇಬರವನ್ನು ಸ್ವಜಾತಿಯವರು ಮುಟ್ಟಬೇಕಾಗಿಲ್ಲ, ಊರಿನ ಮಲ ಹೊರುವ ತೋಟಿಗಳೇ ಹೊತ್ತೊಯ್ಯಬೇಕೆಂದು ಅವರು ವಿಧಿಸಿದ್ದರು. ಅದರಂತೆಯೇ ನಡೆಯಿತು. ಆರು ವರ್ಷಗಳ ಬಳಿಕ, 1934ರಲ್ಲಿ, ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಅವರ ಸಂಸ್ಥೆಯನ್ನು ಕಂಡು ಗೌರವಿಸಿದರು. ಇಂದು ಮಂಗಳೂರಿನ ಪುರಭವನವು ರಾಯರ ಹೆಸರನ್ನು ಹೊತ್ತಿದೆ.

ಅವರ ಆಸೆಯೊಂದು ಅವರ ಸಮಾಧಿಯ ಕಲ್ಲಿನ ಮೇಲಿದೆ. ತಮ್ಮ ಶಾಲೆಯಲ್ಲಿ ಓದಿದ ದಲಿತರ ಮಗುವೊಂದು ಸರ್ಕಾರದ ಉದ್ಯೋಗಕ್ಕೆ ಸೇರಿ, ಊರಿನ ದಾರಿಯಲ್ಲಿ ಕಾರಿನಲ್ಲಿ ಹೋಗುವಾಗ, ಆ ಚಕ್ರದಿಂದೆದ್ದ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ಬಾಳು ಸಾರ್ಥಕವೆಂಬುದು ಅದರ ತಾತ್ಪರ್ಯ. ತಾವು ಮತ್ತು ತಮ್ಮಂಥವರು ಎಂದೆಂದಿಗೂ ಕೊಡುವವರಾಗಿಯೂ, ಆ ಜನರು ಎಂದೆಂದಿಗೂ ಬೇಡುವವರಾಗಿಯೂ ಇರಬೇಕೆಂದು ರಾಯರು ಬಯಸಲಿಲ್ಲ. ಅವರ ಸೇವೆಯ ಗುರಿ ಆ ಮಗು ಕೂರುವ ಅಧಿಕಾರದ ಕುರ್ಚಿಯಾಗಿತ್ತು.

ಆ ಗುರಿ ಇನ್ನೂ ಪೂರ್ಣವಾಗಿ ಕೈಗೂಡಿಲ್ಲ. ರಾಯರ ನಾಡಿನ ಆದಿವಾಸಿಗಳಾದ ಕೊರಗರನ್ನೇ ನೋಡಬಹುದು. ಅನ್ಯರ ಉಗುರು ಕೂದಲು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುವ ಅಜಲು ಎಂಬ ಹೀನ ಪದ್ಧತಿಯನ್ನು ನಿಷೇಧಿಸಲು 2000ದ ಇಸವಿಯಲ್ಲಿ ಕಾನೂನೇ ಬೇಕಾಯಿತು. ಕೇಂದ್ರ ಸರ್ಕಾರವು ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿರುವ ನಮ್ಮ ರಾಜ್ಯದ ಎರಡು ಜನಾಂಗಗಳು ಕೊರಗರು ಮತ್ತು ಜೇನುಕುರುಬರು. ಆದರೂ ಕೊರಗ ಮನೆತನದ ಹೆಣ್ಣುಮಗಳು ಮಂಗಳೂರು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾದುದನ್ನು ನಾಡು ಕಂಡಿದೆ. ರಾಯರ ಆಸೆ ಹುಸಿಯಲ್ಲವೆಂಬುದಕ್ಕೆ ಇದು ಸಾಕ್ಷಿ.

ದೂರದೇಶದ ಉದಾಹರಣೆಯೂ ಇದನ್ನೇ ಸಾರುತ್ತದೆ. ಆಸ್ಟ್ರೇಲಿಯದಲ್ಲಿ ಸರ್ಕಾರವು ಮೂಲನಿವಾಸಿಗಳ ಮಕ್ಕಳನ್ನು ಉದ್ಧರಿಸುವ ನೆಪದಿಂದ ತಾಯ್ತಂದೆಯರ ಮಡಿಲಿನಿಂದ ಕಿತ್ತು ಬೇರೆ ಕಡೆ ಬೆಳೆಸಿತು. ಆ ಪಾಪಕ್ಕಾಗಿ 2008ರ ಫೆಬ್ರವರಿ 13ರಂದು ಅಲ್ಲಿನ ಪ್ರಧಾನಿಗಳು ಪಾರ್ಲಿಮೆಂಟಿನಲ್ಲಿ ಕ್ಷಮೆ ಬೇಡಬೇಕಾಯಿತು. ಅದೇ ದೇಶದ ಸಿಡ್ನಿ ನಗರದ ರೆಡ್‌ಫರ್ನಿನಲ್ಲಿ 1971ರಲ್ಲಿ ಮೂಲನಿವಾಸಿಗಳು ತಾವೇ ನಡೆಸುವ ವೈದ್ಯಶಾಲೆಯನ್ನು ತೆರೆದರು. ಮನೆಯನ್ನು ಒಡೆದು ಮಾಡುವ ಉಪಕಾರಕ್ಕೂ, ಮನೆಯವರೇ ಮನೆಗೆ ಮಾಡಿಕೊಳ್ಳುವ ಸೇವೆಗೂ ಇರುವ ಅಂತರ ಇಷ್ಟರಿಂದಲೇ ತಿಳಿಯುತ್ತದೆ.

ಇನ್ನು ನಮ್ಮ ಸೀಮೆಯ ಮಾತು. ನಾಯಕರು 1991ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಕಾಡುಗೊಲ್ಲರು ಅದೇ ಪಟ್ಟಿಗಾಗಿ ಬಹುಕಾಲದಿಂದ ಕೇಳುತ್ತಿದ್ದಾರೆ. ಪಟ್ಟಿಯ ಪ್ರಶ್ನೆ ಹೇಗೂ ಇರಲಿ, ಮನೆಯ ಬಾಗಿಲಿಗೆ ಹೋಗುವವರು ಎಂಥವರೆಂಬ ಪ್ರಶ್ನೆ ಅದಕ್ಕಿಂತ ಹತ್ತಿರದ್ದು. ಆಂಧ್ರದ ನೆಲ ಸುತ್ತುವರಿದಿರುವ ಪಾವಗಡದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಅಲ್ಲಿನ ತಾಯಿಗೆ ಔಷಧದ ಕ್ರಮವನ್ನು ಹೇಳಬೇಕಾದವರು ಆಕೆಯ ಮಾತನ್ನು ಅರಿತಿರಬೇಡವೇ? ಗಣೆಯ ನಾದದೊಡನೆ ಜುಂಜಪ್ಪನ ಕಥೆಯನ್ನು ಇರುಳೆಲ್ಲ ಹಾಡುವ ಹಟ್ಟಿಯವರನ್ನು ಏನೂ ತಿಳಿಯದವರೆಂದು ಬಗೆದು ಒಳಹೊಕ್ಕವರ ಬುದ್ಧಿವಾದವನ್ನು ಯಾರು ಕೇಳುತ್ತಾರೆ?

ಹಾಗೆಂದು ಆಚಾರವೆಂಬ ಹೆಸರಿನ ಕ್ರೌರ್ಯಕ್ಕೆ ಕಣ್ಣು ಮುಚ್ಚಬೇಕೆಂದು ನಾವು ಹೇಳುವುದಿಲ್ಲ. ಮುಟ್ಟಾದ ಹೆಂಗಸನ್ನೂ ಬಾಣಂತಿಯನ್ನೂ ಸೂತಕವೆಂದು ಹಟ್ಟಿಯ ಹೊರಗಿಡುವ ರೂಢಿ ಇನ್ನೂ ಅಳಿದಿಲ್ಲ. 2023ರ ಜುಲೈ ತಿಂಗಳಿನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ, ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ಮಳೆಗಾಳಿಯ ಚಳಿಯಲ್ಲಿ ತೀರಿಹೋಯಿತು. ಗುಡಿಸಲನ್ನು ಅಧಿಕಾರದಿಂದ ಕೀಳಿಸಬಹುದು, ಕೀಳಿಸಲೂಬೇಕು. ಆದರೆ ಅತ್ತೆಯ ಮನಸ್ಸಿನ ಭಯವನ್ನು ಕೀಳುವುದಕ್ಕೆ ಜಪ್ತಿಯ ಅಧಿಕಾರ ಸಾಲದು. ಅದಕ್ಕೆ ಆ ಹಟ್ಟಿಯಲ್ಲೇ ಹುಟ್ಟಿ, ಓದಿ, ತಾನು ಒಳಗಿದ್ದರೂ ದೇವರು ಮುನಿಯಲಿಲ್ಲವೆಂದು ತೋರಿಸಬಲ್ಲ ಸೊಸೆಯೊಬ್ಬಳು, ಮಗಳೊಬ್ಬಳು ಬೇಕು. ಆಕೆ ದಾದಿಯಾಗಿ, ಉಪಾಧ್ಯಾಯಿನಿಯಾಗಿ, ವೈದ್ಯಳಾಗಿ ಅಲ್ಲಿಗೆ ಮರಳಬೇಕು.

ಆದುದರಿಂದ ಅಧಿಕಾರಿವರ್ಗದವರಲ್ಲಿಯೂ ನಮ್ಮ ಪುರಜನರಲ್ಲಿಯೂ ನಮ್ಮ ಅರಿಕೆ ಇಷ್ಟೇ. ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿಯೆಂಬ ಒಂದೇ ಶೈಕ್ಷಣಿಕ ಜಿಲ್ಲೆಯಾಗಿವೆ. ಇಲ್ಲಿನ ಹಟ್ಟಿಯ ಹುಡುಗಿ ಹತ್ತನೆಯ ತರಗತಿಗೆ ಓದು ನಿಲ್ಲಿಸಿದರೆ, ಏಕೆ ನಿಲ್ಲಿಸಿದಳೆಂದು ರಂಗರಾಯರಂತೆ ಮನೆಯಲ್ಲಿ ವಿಚಾರಿಸಲಿ. ಅಡ್ಡವಾದುದು ಬಸ್ಸೋ, ಕೂಲಿಯೋ, ವಿದ್ಯಾರ್ಥಿನಿಲಯದ ಊಟವೋ ತಿಳಿದು ಅದನ್ನು ನೀಗಲಿ. ಹೊರಗಿನಿಂದ ಬಂದ ನೌಕರರಿಗೆ ಮನೆಗಳ ಮಾತನ್ನೂ ಆಚಾರವನ್ನೂ ಕಲಿಸಿ ಕಳುಹಿಸಲಿ. ಆ ಮನೆಗಳ ಮಕ್ಕಳು ಓದಿ ಬಂದಾಗ ಹುದ್ದೆಗಳನ್ನು ಅವರ ಕೈಗೆ ಕೊಡಲು ಹಿಂಜರಿಯದಿರಲಿ. ಮಂಗಳೂರಿನ ಆ ಕಲ್ಲಿನ ಮೇಲೆ ಬರೆದ ಕಾರು ಒಂದು ದಿನ ನಮ್ಮ ಹಟ್ಟಿಗಳ ದಾರಿಯಲ್ಲಿಯೂ ಧೂಳೆಬ್ಬಿಸಲೆಂದು ನಾವು ಹಾರೈಸುತ್ತೇವೆ.