606: ಕಪಾಟಲ್ಲೇ ಕೂತಿದ್ದ ಮದ್ದು

ಪಿಯುಸಿಯಲ್ಲಿ ಬಯಾಲಜಿ ತಗೊಂಡಿದ್ದೋರಿಗೆ ನೆನಪಿರಬಹುದು. ಸೆಕೆಂಡ್ ಪಿಯು ಪುಸ್ತಕದಲ್ಲಿ ಲೈಂಗಿಕವಾಗಿ ಹರಡೋ ರೋಗಗಳ ಹೆಸರುಗಳು ಸಾಲಾಗಿ ಬರ್ತವೆ: ಗೊನೋರಿಯಾ, ಸಿಫಿಲಿಸ್, ಹರ್ಪಿಸ್, ಹೀಗೆ. ಆ ಸಾಲು ಬಂದಾಗ ಹಿಂದಿನ ಬೆಂಚಲ್ಲಿ ನಗು, ಮುಂದಿನ ಬೆಂಚಲ್ಲಿ ತಲೆ ಕೆಳಗೆ. ಅದಾದ ಮೇಲೆ ಈ ವಿಷಯ ನಮ್ಮ ಕಣ್ಣಿಗೆ ಬೀಳೋದು ಬಸ್‌ಸ್ಟ್ಯಾಂಡ್ ಗೋಡೆಯ ಗುಪ್ತರೋಗದ ಪೋಸ್ಟರ್‌ಗಳಲ್ಲಿ ಮಾತ್ರ. ಆ ಸಾಲಿನ ಎರಡನೇ ಹೆಸರಿಗೆ, ಅಂದ್ರೆ ಸಿಫಿಲಿಸ್‌ಗೆ, ಮೊದಲ ಸಲ ನಿಜವಾಗಿ ಕೆಲಸ ಮಾಡೋ ಮದ್ದು ಕೊಟ್ಟವರು ಪಾಲ್ ಎರ್ಲಿಖ್. ಓದಿದ್ದು ಡಾಕ್ಟರಿಕೆ, ಜೀವನವಿಡೀ ಮಾಡಿದ್ದು ಹೆಚ್ಚಾಗಿ ಕೆಮಿಸ್ಟ್ರಿ. ಹಾಗಾಗಿ ಅರ್ಧ ನಮ್ಮ ಕಡೆಯವರೇ ಅಂತ ಹೇಳ್ಕೋಬಹುದು.

ಹುಟ್ಟಿದ್ದು 1854ರ ಮಾರ್ಚ್ 14, ಆಗಿನ ಪ್ರಷ್ಯಾದ ಸ್ಟ್ರೇಲೆನ್ ಅನ್ನೋ ಸಣ್ಣ ಊರಲ್ಲಿ. ಈಗ ಅದು ಪೋಲೆಂಡ್‌ಗೆ ಸೇರಿದೆ. ಯಹೂದಿ ಮನೆತನ. ಅಮ್ಮನ ಕಡೆ ಸಂಬಂಧಿ ಕಾರ್ಲ್ ವೈಗರ್ಟ್ ಅನ್ನೋರು ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಚ್ಚಿ ಮೈಕ್ರೋಸ್ಕೋಪಲ್ಲಿ ನೋಡೋ ಕೆಲಸ ಮಾಡ್ತಿದ್ರು. ಹುಡುಗನಿಗೆ ಆ ಹುಚ್ಚು ಅಲ್ಲಿಂದ ಹತ್ತಿತು. ಮೆಡಿಕಲ್ ಕಾಲೇಜಲ್ಲಿ ಬೇರೆಯವರೆಲ್ಲ ಪಾಠ ಓದ್ತಿದ್ರೆ ಇವರ ಟೇಬಲ್ ತುಂಬ ಬಣ್ಣದ ಕಲೆ. ಬಟ್ಟೆಗೆ ಬಳಸೋ ಅನಿಲೀನ್ ಬಣ್ಣಗಳನ್ನ ಜೀವಕೋಶಗಳ ಮೇಲೆ ಹಾಕಿ ಯಾವುದು ಎಲ್ಲಿ ಅಂಟ್ಕೊಳ್ಳುತ್ತೆ ಅಂತ ನೋಡೋದೇ ಕೆಲಸ. 1878ರಲ್ಲಿ ಲೈಪ್‌ಜಿಗ್‌ನಲ್ಲಿ ಡಾಕ್ಟರೇಟ್ ಸಿಕ್ಕಿದ್ದೂ ಅದೇ ವಿಷಯಕ್ಕೆ.

ಆ ಬಣ್ಣದಾಟದಲ್ಲೇ ಅವರ ದೊಡ್ಡ ಐಡಿಯಾ ಇತ್ತು. ಒಂದು ಬಣ್ಣ ಒಂದು ಜಾತಿಯ ಕೋಶಕ್ಕೆ ಮಾತ್ರ ಅಂಟಿ ಪಕ್ಕದ್ದನ್ನ ಬಿಟ್ಟುಬಿಡುತ್ತೆ. ಹಾಗಾದ್ರೆ ರೋಗಾಣುವಿಗೆ ಮಾತ್ರ ಅಂಟೋ ವಿಷ ಒಂದಿದ್ರೆ? ಮೈಯೊಳಗೆ ಬಿಟ್ರೆ ಅದು ರೋಗಾಣುವನ್ನ ಹುಡುಕ್ಕೊಂಡು ಹೋಗಿ ಕೊಲ್ಲಬೇಕು, ಮನುಷ್ಯನ್ನ ಮುಟ್ಟಬಾರದು. ಇದಕ್ಕೆ ಅವರು ಮಾಯಾಗುಂಡು ಅಂತ ಹೆಸರಿಟ್ಟರು. ಇವತ್ತು ಕ್ಯಾನ್ಸರ್ ಔಷಧದ ಬಗ್ಗೆ ಟಾರ್ಗೆಟೆಡ್ ಅಂತ ಓದ್ತೀವಲ್ಲ, ಅದರ ಅಜ್ಜ ಇದು.

ಮಧ್ಯದ ಇಪ್ಪತ್ತು ವರ್ಷ ಬೇಗ ಹೇಳಿಬಿಡ್ತೀವಿ. ಬರ್ಲಿನ್‌ನಲ್ಲಿ ಕೆಲಸ, 1883ರಲ್ಲಿ ಹೆಡ್ವಿಗ್ ಪಿಂಕುಸ್ ಜೊತೆ ಮದುವೆ, ಇಬ್ಬರು ಹೆಣ್ಣುಮಕ್ಕಳು. ಕ್ಷಯ ಬಂತು, ಈಜಿಪ್ಟ್‌ಗೆ ಹೋಗಿ ಹುಷಾರಾಗಿ ಬಂದ್ರು. ಡಿಫ್ತೀರಿಯಾ ಸೀರಮ್‌ನ ಶಕ್ತಿ ಅಳೆಯೋ ವಿಧಾನ ಕಂಡುಹಿಡಿದ್ರು. ಅದರ ದುಡ್ಡು ಮತ್ತು 1901ರ ನೊಬೆಲ್ ಎರಡೂ ಜೊತೆಗಾರ ಬೇರಿಂಗ್‌ಗೆ ಹೋಯ್ತು. ಇವರಿಗೆ ನೊಬೆಲ್ ಬಂದಿದ್ದು 1908ರಲ್ಲಿ, ಇಮ್ಯುನಿಟಿ ಕೆಲಸಕ್ಕೆ. ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿಗೆ ಕಥೆ ಮುಗೀತಿತ್ತು. ಇವರ ಮುಖ್ಯ ಕೆಲಸ ಇನ್ನೂ ಬಾಕಿ ಇತ್ತು.

ಸಿಫಿಲಿಸ್ ಎಂಥ ರೋಗ ಅಂತ ಸ್ವಲ್ಪ ಹೇಳಬೇಕು. ಮೊದಲು ಒಂದು ನೋವಿಲ್ಲದ ಹುಣ್ಣು ಆಗುತ್ತೆ, ಅದು ತಾನಾಗೇ ಮಾಯುತ್ತೆ. ಜನ ವಾಸಿ ಆಯ್ತು ಅಂದ್ಕೋತಾರೆ. ಆಮೇಲೆ ಮೈಮೇಲೆ ಗುಳ್ಳೆ, ಅದೂ ಹೋಗುತ್ತೆ. ನಂತರ ವರ್ಷಗಟ್ಟಲೆ ಏನೂ ಇಲ್ಲ. ಕೊನೆಗೆ ಕೆಲವರಲ್ಲಿ ಹೃದಯಕ್ಕೆ, ಮೆದುಳಿಗೆ ಬಂದು ಕೂರುತ್ತೆ. ಆಗಿನ ಯುರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಇದರಿಂದಲೇ ಬುದ್ಧಿ ಕೆಟ್ಟವರು ತುಂಬಾ ಜನ ಇದ್ರು. ಗರ್ಭಿಣಿಯಿಂದ ಮಗುವಿಗೂ ದಾಟುತ್ತೆ. ಇಟಲಿಯವರು ಇದನ್ನ ಫ್ರೆಂಚ್ ರೋಗ ಅಂದ್ರು, ಫ್ರೆಂಚರು ನೇಪಲ್ಸ್ ರೋಗ ಅಂದ್ರು, ನಮ್ಮ ಆಯುರ್ವೇದದವರು ಫಿರಂಗ ರೋಗ ಅಂದ್ರು. ಎಲ್ಲರಿಗೂ ಇದು ಪಕ್ಕದವರ ರೋಗ! ಚಿಕಿತ್ಸೆ ಅಂದ್ರೆ ಪಾದರಸ. ಮೈಗೆ ಉಜ್ಜೋರು, ಹೊಗೆ ಹಾಕೋರು. ಬಾಯಲ್ಲಿ ಜೊಲ್ಲು ಸುರಿದು ಹಲ್ಲು ಉದುರ್ತಿತ್ತು.

1905ರಲ್ಲಿ ಬರ್ಲಿನ್‌ನ ಶೌಡಿನ್ ಮತ್ತು ಹಾಫ್‌ಮನ್ ಇದರ ಬ್ಯಾಕ್ಟೀರಿಯಾವನ್ನ ಕಂಡುಹಿಡಿದ್ರು. ನೋಡೋಕೆ ಸಣ್ಣ ಸ್ಪ್ರಿಂಗ್ ಥರ. ಎರ್ಲಿಖ್ ಆಗ ಫ್ರಾಂಕ್‌ಫರ್ಟ್‌ನಲ್ಲಿ ನಿದ್ರಾರೋಗದ ಪರಾವಲಂಬಿಗಳ ಮೇಲೆ ಆರ್ಸೆನಿಕ್ ಸಂಯುಕ್ತಗಳನ್ನ ಪ್ರಯೋಗ ಮಾಡ್ತಿದ್ರು. ಶುರುವಾಗಿದ್ದು ಅಟಾಕ್ಸಿಲ್ ಅನ್ನೋ ಔಷಧದಿಂದ. ಹೆಸರಿನ ಅರ್ಥವೇ ವಿಷವಲ್ಲದ್ದು ಅಂತ, ಆದ್ರೆ ಅದು ರೋಗಿಗಳ ಕಣ್ಣು ಕಳೀತಿತ್ತು. ಎರ್ಲಿಖ್ ಮತ್ತು ಅವರ ಕೆಮಿಸ್ಟ್ ಆಲ್ಫ್ರೆಡ್ ಬರ್ತ್‌ಹೈಮ್ ಅದರ ರಚನೆ ಸರಿಯಾಗಿ ಕಂಡುಕೊಂಡು, ಅಲ್ಲೊಂದು ಗುಂಪು ತೆಗೆದು ಇಲ್ಲೊಂದು ಸೇರಿಸಿ, ನೂರಾರು ಸಂಯುಕ್ತ ಮಾಡಿ ಒಂದೊಂದಕ್ಕೂ ನಂಬರ್ ಕೊಟ್ಟು ಪ್ರಾಣಿಗಳ ಮೇಲೆ ನೋಡ್ತಾ ಹೋದ್ರು. ಇವತ್ತಿನ ಔಷಧ ಕಂಪನಿಗಳು ಮಾಡೋದೂ ಇದನ್ನೇ, ರೋಬೋಟ್ ಇಟ್ಕೊಂಡು.

ಆ ಲ್ಯಾಬ್ ಹೇಗಿತ್ತು ಅಂದ್ರೆ, ರೂಮಿನ ಕುರ್ಚಿಗಳ ಮೇಲೆಲ್ಲ ಪುಸ್ತಕ, ಬಂದವರಿಗೆ ಕೂರೋಕೆ ಜಾಗ ಇಲ್ಲ. ಕಂಕುಳಲ್ಲಿ ಸಿಗಾರ್ ಡಬ್ಬಿ, ದಿನಕ್ಕೆ ಸುಮಾರು 25 ಸಿಗಾರ್. ಅಸಿಸ್ಟೆಂಟ್‌ಗಳಿಗೆ ದಿನಾ ಬಣ್ಣದ ಚೀಟಿಗಳಲ್ಲಿ ಇವತ್ತು ಏನು ಮಾಡಬೇಕು ಅಂತ ಬರೆದು ಕಳಿಸೋರು. ನಮ್ಮ ಲ್ಯಾಬ್ ಮ್ಯಾನುಯಲ್‌ಗಿಂತ ಕಟ್ಟುನಿಟ್ಟು. ಚೀಟಿ ಬಿಟ್ಟು ಸ್ವಂತ ದಾರಿ ಹಿಡಿಯೋದು ಅವರಿಗೆ ಇಷ್ಟ ಆಗ್ತಿರಲಿಲ್ಲ.

ಈಗ 606ಕ್ಕೆ ಬರೋಣ. ಮೋಟಿವೇಶನ್ ಭಾಷಣಗಳಲ್ಲಿ ಈ ಕಥೆಯನ್ನ 605 ಸಲ ಸೋತರೂ ಬಿಡದೆ 606ನೇ ಸಲ ಗೆದ್ದರು ಅಂತ ಹೇಳ್ತಾರೆ. ನಡೆದದ್ದು ಹಾಗಲ್ಲ, ಮತ್ತು ನಡೆದದ್ದೇ ನಮಗೆ ಹೆಚ್ಚು ಇಷ್ಟ ಆಗಿದ್ದು. 606 ತಯಾರಾಗಿದ್ದು 1907ರಲ್ಲಿ. ಒಬ್ಬ ಅಸಿಸ್ಟೆಂಟ್ ಅದನ್ನ ಟೆಸ್ಟ್ ಮಾಡಿ ಪ್ರಯೋಜನ ಇಲ್ಲ ಅಂತ ಬರೆದ. ಸರಿ, ಕಪಾಟಿಗೆ ಹೋಯ್ತು. ಎರಡು ವರ್ಷ ಅಲ್ಲೇ ಕೂತಿತ್ತು. ಆ ಎರಡು ವರ್ಷ ಯುರೋಪಿನ ಆಸ್ಪತ್ರೆಗಳಲ್ಲಿ ಪಾದರಸವೇ ನಡೀತಿತ್ತು.

1909ರಲ್ಲಿ ಟೋಕಿಯೋದಿಂದ ಸಹಾಚಿರೋ ಹಾಟಾ ಅನ್ನೋ ಯುವ ವಿಜ್ಞಾನಿ ಬಂದ್ರು. ಮೊಲಗಳಿಗೆ ಸಿಫಿಲಿಸ್ ಬರಿಸಿ ಅದರ ಮೇಲೆ ಮದ್ದು ನೋಡೋದು ಅವರಿಗೆ ಗೊತ್ತಿತ್ತು. ಎರ್ಲಿಖ್ ಅವರಿಗೆ ಹೊಸ ಸಂಯುಕ್ತಗಳನ್ನ ಮಾತ್ರ ಕೊಡಬಹುದಿತ್ತು. ಅವರು ಹಳೇ ನಂಬರ್‌ಗಳನ್ನೂ, ಫೇಲ್ ಅಂತ ಬರೆದಿಟ್ಟವನ್ನೂ ಮತ್ತೆ ನೋಡೋಕೆ ಹೇಳಿದ್ರು. ಹಾಟಾ ಒಂದೊಂದಾಗಿ ನೋಡ್ತಾ 606ಕ್ಕೆ ಬಂದ್ರು. ಒಂದೇ ಇಂಜೆಕ್ಷನ್. ಮರುದಿನ ಮೊಲದ ಹುಣ್ಣಲ್ಲಿ ಜೀವಂತ ಬ್ಯಾಕ್ಟೀರಿಯಾ ಸಿಗಲಿಲ್ಲ, ಆಮೇಲೆ ಹುಣ್ಣೂ ಮಾಯಿತು. ಮೊದಲು ಟೆಸ್ಟ್ ಮಾಡಿದವನ ಹೆಸರು ಯಾರೂ ನೆನಪಿಟ್ಟಿಲ್ಲ, ಪಾಪ.

1910ರ ಏಪ್ರಿಲ್‌ನಲ್ಲಿ ವೀಸ್‌ಬಾಡೆನ್‌ನಲ್ಲಿ ವೈದ್ಯರ ಸಮ್ಮೇಳನ, ಅಲ್ಲಿ ಘೋಷಣೆ. ಮಾರನೇ ದಿನದಿಂದಲೇ ಮದ್ದಿಗಾಗಿ ಡಾಕ್ಟರುಗಳ ಕಾಟ. ಹೋಕ್ಸ್ಟ್ ಕಂಪನಿ ಅದನ್ನ ಸಾಲ್ವರ್ಸಾನ್ ಅಂತ ಮಾರುಕಟ್ಟೆಗೆ ತರೋ ಮೊದಲು ಸುಮಾರು 65,000 ಡೋಸ್‌ಗಳನ್ನ ವೈದ್ಯರಿಗೆ ಪುಕ್ಕಟೆ ಕೊಟ್ಟು ಫಲಿತಾಂಶ ಕೇಳಿದ್ರು. ಮದ್ದನ್ನ ಬಳಸೋದು ಸುಲಭ ಇರಲಿಲ್ಲ. ಹಳದಿ ಪುಡಿ, ಗಾಳಿ ತಾಗಿದ್ರೆ ಕೆಟ್ಟು ಇನ್ನೂ ವಿಷ ಆಗುತ್ತೆ, ಅದಕ್ಕೆ ಗಾಜಿನ ಆಂಪೂಲ್‌ನಲ್ಲಿ ಸೀಲ್ ಮಾಡಿರೋರು. ಡಾಕ್ಟರೇ ಶುದ್ಧ ನೀರಲ್ಲಿ ಕರಗಿಸಿ, ಕಾಸ್ಟಿಕ್ ಸೋಡಾ ಹಾಕಿ ಸರಿಮಾಡಿ, ನರಕ್ಕೆ ಕೊಡಬೇಕು. ಸ್ವಲ್ಪ ಎಡವಟ್ಟಾದ್ರೆ ರೋಗಿಯ ಗತಿ ಅಷ್ಟೇ. 1912ರಲ್ಲಿ ಸುಲಭವಾಗಿ ಕರಗೋ ನಿಯೋಸಾಲ್ವರ್ಸಾನ್ ಬಂತು, ಅದರ ನಂಬರ್ 914. ಇನ್ನೊಂದು ತಮಾಷೆ: ಎರ್ಲಿಖ್ ಬರೆದ 606ರ ರಚನೆ ತಪ್ಪಾಗಿತ್ತು. ಎರಡು ಆರ್ಸೆನಿಕ್ ಜೋಡಿ ಅಂತ ಅವರು ಬರೆದಿದ್ರು, 2005ರಲ್ಲಿ ನೋಡಿದ್ರೆ ಮೂರು ಮತ್ತು ಐದು ಆರ್ಸೆನಿಕ್‌ಗಳ ಉಂಗುರಗಳ ಮಿಶ್ರಣ! ವೈವಾದಲ್ಲಿ ಆಗಿದ್ರೆ ಮಾರ್ಕ್ಸ್ ಹೋಗ್ತಿತ್ತು.

ಹೊಗಳಿಕೆ ಜೊತೆ ಬೈಗುಳವೂ ಬಂತು. ಮದ್ದಿಂದ ಕೆಲವರು ಸತ್ತಿದ್ದು ನಿಜ, ಎರ್ಲಿಖ್ ಒಂದೊಂದು ಕೇಸ್‌ನ ವಿವರ ತರಿಸಿ ನೋಡೋರು. ಯಹೂದಿ ಅನ್ನೋ ದ್ವೇಷವೂ ಸೇರ್ಕೊಂಡಿತು. ಈ ರೋಗ ಪಾಪಕ್ಕೆ ಶಿಕ್ಷೆ, ಅದನ್ನ ವಾಸಿ ಮಾಡಿದ್ರೆ ಜನ ಕೆಡ್ತಾರೆ ಅನ್ನೋ ವಾದ ಬೇರೆ. ಫ್ರಾಂಕ್‌ಫರ್ಟ್ ಆಸ್ಪತ್ರೆಯಲ್ಲಿ ವೇಶ್ಯೆಯರಿಗೆ ಬಲವಂತವಾಗಿ ಇದನ್ನ ಕೊಡ್ತಿದ್ದಾರೆ ಅಂತ ಕಾರ್ಲ್ ವಾಸ್‌ಮನ್ ಅನ್ನೋ ಪತ್ರಕರ್ತ ಬರೆದ. 1914ರಲ್ಲಿ ಕೋರ್ಟಿಗೆ ಹೋಯ್ತು, ಎರ್ಲಿಖ್ ಸಾಕ್ಷಿ ಹೇಳಿದ್ರು, ವಾಸ್‌ಮನ್‌ಗೆ ಒಂದು ವರ್ಷ ಶಿಕ್ಷೆ ಆಯ್ತು. ಆ ಹೆಂಗಸರನ್ನ ಯಾರಾದ್ರೂ ಒಪ್ಪಿಗೆ ಕೇಳಿದ್ರಾ ಅನ್ನೋ ಪ್ರಶ್ನೆ ಮಾತ್ರ ಇವತ್ತಿನ ಕಣ್ಣಲ್ಲಿ ಸಣ್ಣದಲ್ಲ ಅಂತ ನಮಗನಿಸುತ್ತೆ.

ಸಾಲ್ವರ್ಸಾನ್ ಸುಮಾರು ಮೂವತ್ತು ವರ್ಷ ನಡೀತು. ಲಂಡನ್‌ನಲ್ಲಿ ಅದನ್ನ ಮೊದಮೊದಲು ಚುಚ್ಚಿದವರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಒಬ್ಬರು. ಮುಂದೆ ಅದೇ ಫ್ಲೆಮಿಂಗ್ ಕಂಡ ಪೆನಿಸಿಲಿನ್ ಅದನ್ನ ಮೂಲೆಗೆ ತಳ್ಳಿತು. 1943ರಲ್ಲಿ ಅಮೆರಿಕದ ಜಾನ್ ಮಹೋನಿ ನಾಲ್ಕು ಸಿಫಿಲಿಸ್ ರೋಗಿಗಳ ಮೇಲೆ ಅದನ್ನ ನೋಡಿದ್ರು. ಇವತ್ತಿಗೂ ಅದೇ ಮದ್ದು: ಮೊದಲ ಹಂತದಲ್ಲಿ ಸಿಕ್ಕರೆ ಸಾಮಾನ್ಯವಾಗಿ ಬೆಂಜಥೀನ್ ಪೆನಿಸಿಲಿನ್‌ನ ಒಂದೇ ಡೋಸ್ ಇಂಜೆಕ್ಷನ್, ಸೊಂಟದ ಕೆಳಗೆ. ಪತ್ತೆಗೆ ಒಂದು ರಕ್ತಪರೀಕ್ಷೆ. ಜೊತೆಗಾರರಿಗೂ ಪರೀಕ್ಷೆ ಆಗಬೇಕು, ಇಲ್ಲದಿದ್ರೆ ಮತ್ತೆ ಅಂಟುತ್ತೆ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದು ಪುಕ್ಕಟೆ. ಪೋಸ್ಟರ್‌ನವನಿಗೆ ಸಾವಿರಗಟ್ಟಲೆ ಕೊಡೋ ಅಗತ್ಯವೇ ಇಲ್ಲ.

ಎರ್ಲಿಖ್ ಇದ್ಯಾವುದನ್ನೂ ನೋಡಲಿಲ್ಲ. 1914ರಲ್ಲಿ ಯುದ್ಧ ಶುರುವಾಯ್ತು. ಅದೇ ಆಗಸ್ಟ್‌ನಲ್ಲಿ, 606ನ್ನ ಕೈಯಾರೆ ತಯಾರಿಸಿದ್ದ ಬರ್ತ್‌ಹೈಮ್ ಸೇನೆಗೆ ಸೇರಿ, ಬೂಟಿನ ಮುಳ್ಳು ಸಿಕ್ಕಿಹಾಕ್ಕೊಂಡು ಮೆಟ್ಟಿಲಿಂದ ಬಿದ್ದು ಸತ್ತರು. ಎರ್ಲಿಖ್ ಅದರಿಂದ ಬಹಳ ಕುಗ್ಗಿದ್ರು. ಮುಂದಿನ ವರ್ಷ, 1915ರ ಆಗಸ್ಟ್ 20ರಂದು, ಬಾಡ್ ಹೋಂಬುರ್ಗ್‌ನಲ್ಲಿ ತೀರಿಕೊಂಡ್ರು. ವಯಸ್ಸು 61. ಅವರ ಸಂಸ್ಥೆ ಇದ್ದ ಬೀದಿಗೆ ಫ್ರಾಂಕ್‌ಫರ್ಟ್ ನಗರ ಅವರ ಹೆಸರಿಟ್ಟಿತ್ತು. ನಾಜಿಗಳು ಬಂದು ಆ ಬೋರ್ಡ್ ಕಿತ್ತು ಹಾಕಿದ್ರು, ಹೆಡ್ವಿಗ್ ದೇಶ ಬಿಟ್ಟು ಹೋಗಬೇಕಾಯ್ತು. ಯುದ್ಧ ಮುಗಿದ ಮೇಲೆ ಬೋರ್ಡ್ ವಾಪಸ್ ಬಂತು. ಯೂರೋ ಬರೋ ತನಕ ಜರ್ಮನಿಯ 200 ಮಾರ್ಕ್ ನೋಟಿನ ಮೇಲೆ ಇದ್ದ ಗಡ್ಡ, ಕನ್ನಡಕದ ಮುಖ ಅವರದೇ.